ಹಳೇ ಮರವೇ, ಆಚಾರಿ ಕೆಲಸವೇ, ರೆಡಿಮೇಡ್ ಬೋರ್ಡೇ? ನಿಮ್ಮ ಮನೆಗೆ ಒಪ್ಪುವ ಪೀಠೋಪಕರಣ ಆರಿಸುವ ಬಗೆ

ಅಣ್ಣನ ಮಗಳು ಕಳೆದ ತಿಂಗಳು ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆ ಹಿಡಿದಳು. ಎರಡು ಕೋಣೆ, ಒಂದು ಹಾಲು. ಸಾಮಾನು ಕೊಳ್ಳಲು ಕೈಯಲ್ಲಿ ಒಂದೂವರೆ ಲಕ್ಷ. "ಅತ್ತೆ, ನೀವೇ ನೋಡಿ ಹೇಳಿ" ಎಂದು ಫೋನು ಮುಂದೆ ಹಿಡಿದಳು. ಅದರ ತುಂಬ ಚಿತ್ರಗಳು: ಬಿಳಿ ಗೋಡೆ, ತಿಳಿಬಣ್ಣದ ಮರ, ಬೂದು ಸೋಫಾ, ಮೂಲೆಯಲ್ಲೊಂದು ಗಿಡ. ಅವಳ ಗಂಡನಿಗೆ ಶಿರಸಿಯ ಅಜ್ಜನ ಮನೆಯ ಬೀಟೆ ಮಂಚ ತರಿಸುವ ಆಸೆ. ಅವಳ ಮಾವನವರದ್ದು ಮೂರನೇ ಮಾತು, ಊರಿನ ಆಚಾರಿಯ ಕೈಯಲ್ಲಿ ಎಲ್ಲ ಮಾಡಿಸಿ ಲಾರಿಗೆ ಹಾಕೋಣ ಎಂದು.

ಚಿತ್ರಗಳನ್ನು ಪಕ್ಕಕ್ಕಿಟ್ಟು ಒಂದೇ ಒಂದು ಕೇಳಿದೆ: "ಸಂಜೆ ಕೆಲಸದಿಂದ ಬಂದ ಮೇಲೆ ನೀವಿಬ್ಬರೂ ಎಲ್ಲಿ ಕೂರ್ತೀರಿ?"

"ನೆಲದ ಮೇಲೆ. ಗೋಡೆಗೆ ಒರಗಿ."

ಅವಳು ಕೂಡಿಟ್ಟ ಅಷ್ಟು ಚಿತ್ರಗಳಲ್ಲಿ ನೆಲದ ಮೇಲೆ ಕೂತವರು ಒಬ್ಬರೂ ಇರಲಿಲ್ಲ. ಮನೆಯ ಶೈಲಿ ಹುಡುಕುವವರು ಎಡವುವುದು ಇಲ್ಲೇ. ಬಣ್ಣ, ವಿನ್ಯಾಸ ಎಲ್ಲ ಆಮೇಲಿನದು. ನಿಮ್ಮ ಮೈ ಮನೆಯೊಳಗೆ ಹೇಗೆ ಕೂರುತ್ತದೆ, ಎಲ್ಲಿ ಒರಗುತ್ತದೆ, ಎಲ್ಲಿ ಊಟ ಮಾಡುತ್ತದೆ ಎನ್ನುವುದರಲ್ಲಿ ನಿಮ್ಮ ಶೈಲಿ ಆಗಲೇ ಇದೆ. ಕೊಳ್ಳುವ ಸಾಮಾನು ಅದಕ್ಕೆ ಒಗ್ಗಬೇಕು.

ಮೊದಲು ಅಳತೆಗೋಲು

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಐದು ವಿಷಯ ಬರೆದುಕೊಳ್ಳಿ.

ಮೊದಲನೆಯದು ಕೂರುವ ಬಗೆ. ಕಾಲು ಕೆಳಗಿಟ್ಟು ಕೂರುವವರಿಗೆ ಸೋಫಾದ ಆಸನ 20ರಿಂದ 21 ಇಂಚು ಆಳ ಸಾಕು. ಚಕ್ಕಳಮಕ್ಕಳ ಹಾಕಿ ಕೂರುವವರಿಗೆ 24 ಇಂಚಾದರೂ ಬೇಕು, ಇಲ್ಲದಿದ್ದರೆ ಮಂಡಿ ಹೊರಗೆ ಚಾಚಿಕೊಳ್ಳುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಎತ್ತರ ಮುಖ್ಯ. 18 ಇಂಚು ಎತ್ತರದ, ಗಟ್ಟಿ ಕೈಗಳಿರುವ ಕುರ್ಚಿಯಿಂದ ಅವರು ತಾವಾಗಿ ಏಳುತ್ತಾರೆ. 14 ಇಂಚಿನ ಮೆತ್ತನೆ ಸೋಫಾದಿಂದ ಏಳಲು ಯಾರಾದರೂ ಕೈ ಕೊಡಬೇಕು.

ಎರಡನೆಯದು, ಈ ಮನೆಯಲ್ಲಿ ಎಷ್ಟು ವರ್ಷ? ಸ್ವಂತ ಮನೆಯೋ, ಎರಡು ವರ್ಷಕ್ಕೊಮ್ಮೆ ಗಾಡಿ ಹತ್ತುವ ಬಾಡಿಗೆ ಮನೆಯೋ?

ಮೂರನೆಯದು ಊರಿನ ಹವೆ. ಮಂಗಳೂರು, ಉಡುಪಿಗಳಲ್ಲಿ ಮಳೆಗಾಲದ ತೇವ ನಾಲ್ಕು ತಿಂಗಳು ಗೋಡೆಯಲ್ಲೇ ಕೂತಿರುತ್ತದೆ, ಜೊತೆಗೆ ಸಮುದ್ರದ ಉಪ್ಪುಗಾಳಿ. ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿ ಮರದೊಳಗಿನ ಪಸೆಯನ್ನೆಲ್ಲ ಹೀರುತ್ತದೆ. ಬೆಂಗಳೂರು, ಮೈಸೂರಿನ ಹವೆ ಇವೆರಡಕ್ಕಿಂತ ಮರಕ್ಕೆ ಹಿತ. ಒಂದೇ ಮೇಜು ಈ ಮೂರು ಕಡೆ ಮೂರು ಥರ ಬಾಳುತ್ತದೆ.

ನಾಲ್ಕನೆಯದನ್ನು ಹೊರದೇಶದ ವಿನ್ಯಾಸಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ನಾವು ನೆಲವನ್ನು ನೀರು ಹಾಕಿ ಒರೆಸುತ್ತೇವೆ. ದಿನಾ. ನೆಲಕ್ಕೆ ತಾಗಿ ನಿಲ್ಲುವ ಪ್ರತಿ ವಸ್ತುವಿನ ಕಾಲೂ ದಿನಕ್ಕೊಮ್ಮೆ ಒದ್ದೆಯಾಗುತ್ತದೆ. ಅಡಿಯಲ್ಲಿ ಪೊರಕೆ ಹೋಗದಿದ್ದರೆ ಅಲ್ಲಿ ಕಸ, ಕಸದಲ್ಲಿ ಜಿರಲೆ. ನೆಲದಿಂದ ಕನಿಷ್ಠ 5 ಇಂಚು ಎತ್ತರದ ಕಾಲಿರುವುದನ್ನೇ ಆರಿಸಿ, ಅಥವಾ ಪೂರಾ ನೆಲಕ್ಕೆ ಕೂತು ಸಂದೇ ಇಲ್ಲದ್ದನ್ನು. ಎರಡಿಂಚಿನ ಸಂದು ಅತ್ತಲೂ ಅಲ್ಲ, ಇತ್ತಲೂ ಅಲ್ಲ.

ಐದನೆಯದು ದುಡ್ಡು. ಅದನ್ನು ಬೆಲೆಯಾಗಿ ನೋಡದೆ ವರ್ಷದ ಬಾಡಿಗೆಯ ಹಾಗೆ ಲೆಕ್ಕ ಹಾಕಿ. ಉದಾಹರಣೆಗೆ 18,000 ರೂಪಾಯಿಯ ಬೋರ್ಡಿನ ಬೀರು ಆರು ವರ್ಷ ಬಾಳಿದರೆ ವರ್ಷಕ್ಕೆ 3,000. ಆಚಾರಿ 60,000ಕ್ಕೆ ಮಾಡಿಕೊಟ್ಟ ಪ್ಲೈವುಡ್ ಬೀರು ಇಪ್ಪತ್ತು ವರ್ಷ ಬಾಳಿದರೂ ವರ್ಷಕ್ಕೆ ಅದೇ 3,000. ಹಾಗಿರುವಾಗ ತೀರ್ಮಾನ ಮಾಡುವುದು ಇವತ್ತು ಕೈಯಲ್ಲಿ ಎಷ್ಟಿದೆ, ಎಷ್ಟು ಸಲ ಮನೆ ಬದಲಿಸುತ್ತೀರಿ ಎನ್ನುವುದು.

ಹಳೇ ಮರ

ನನ್ನ ಒಲವು ಯಾವ ಕಡೆಗೆಂದು ಮೊದಲೇ ಹೇಳಿಬಿಡುತ್ತೇನೆ: ಹಳೇ ಮರದ ಕಡೆಗೆ. ಹಳೇ ಸಾಗುವಾನಿ, ಬೀಟೆ, ಹಲಸು, ಹೊನ್ನೆಯ ಮರಗಳು ಹಿಗ್ಗಿ ಕುಗ್ಗಿ ದಣಿದು ನೆಲೆಗೆ ನಿಂತಿರುತ್ತವೆ. ಬಿರುಕು ಬಿಡುವುದಿದ್ದರೆ ಎಂದೋ ಬಿಟ್ಟಾಗಿರುತ್ತದೆ. ಹಳೇ ಸಾಮಾನಿನಲ್ಲಿ ಬಹುಮಟ್ಟಿಗೆ ಮರದ ಕೆಚ್ಚು ಭಾಗವನ್ನೇ ಬಳಸಿರುತ್ತಾರೆ. ಹೊರಗಿನ ಬಿಳಿ ಭಾಗ ಹುಳುವಿಗೆ ಪ್ರಿಯವೆಂದು ಆಗಿನ ಆಚಾರಿಗಳು ಅದನ್ನು ಬಿಟ್ಟುಬಿಡುತ್ತಿದ್ದರು. ನಮ್ಮ ಮನೆಯ ಆರಾಮ ಕುರ್ಚಿಯ ಬಲಗೈ ಹಿಡಿಯ ತುದಿಯಲ್ಲಿ ಹೆಬ್ಬೆರಳಿನಷ್ಟು ಅಗಲ ಮರ ಸವೆದು ಕನ್ನಡಿಯಂತೆ ನಯವಾಗಿದೆ. ಅಜ್ಜ ರೇಡಿಯೊ ಕೇಳುತ್ತ ಅಲ್ಲೇ ಬೆರಳು ಆಡಿಸುತ್ತಿದ್ದರು. ಇಂಥದ್ದನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಆದರೂ ಕೊಳ್ಳುವಾಗ ಕಣ್ಣು ತೆರೆದಿರಬೇಕು. ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ. ಸಣ್ಣ ತೂತುಗಳಿದ್ದು, ಕೆಳಗೆ ಹಾಸಿದ ಕಾಗದದ ಮೇಲೆ ಹೊಸ ಹುಡಿ ಬಿದ್ದರೆ ಕುಟ್ಟೆಹುಳು ಒಳಗೆ ಇನ್ನೂ ಬದುಕಿದೆ. ತೂತಿದ್ದು ಹುಡಿ ಇಲ್ಲದಿದ್ದರೆ ಹಳೇ ಗಾಯ, ಅಷ್ಟು ಹೆದರಬೇಕಿಲ್ಲ. ಬಣ್ಣ ಹಚ್ಚಿದ ಸಾದಾ ಮರವನ್ನೂ ಬೀಟೆ ಎಂದು ಮಾರುವವರಿದ್ದಾರೆ. ಕಾಣದ ಜಾಗದಲ್ಲಿ ಉಗುರಿನಷ್ಟು ಕೆರೆದು ನೋಡಿ, ಒಳಗೂ ಅದೇ ಕಪ್ಪು-ನೇರಳೆ ಛಾಯೆ ಇರಬೇಕು, ಎತ್ತಿದರೆ ಕೈಗೆ ಭಾರ ಸಿಗಬೇಕು. ಕೂಡಿಕೆಗಳಲ್ಲಿ ಸ್ಕ್ರೂ ಬದಲು ಮರದ್ದೋ ಬಿದಿರಿನದೋ ಬೆಣೆ ಕಂಡರೆ ಅದು ಒಳ್ಳೆಯ ಲಕ್ಷಣ, ಯಾವಾಗ ಬೇಕಾದರೂ ಬಿಚ್ಚಿ ಬಿಗಿಮಾಡಬಹುದು.

ತೊಂದರೆ ಇರುವುದು ಅಳತೆಯಲ್ಲಿ. ಹಳೇ ಮಂಚಗಳು ಇಂದಿನ ಹಾಸಿಗೆಗಳ ಅಳತೆಗೆ ಹೊಂದುವುದು ಅಪರೂಪ. ಈಗ ಅಂಗಡಿಯಲ್ಲಿ ಸಿಗುವ ಕ್ವೀನ್ ಹಾಸಿಗೆ 78 ಇಂಚು ಉದ್ದ 60 ಇಂಚು ಅಗಲ, ಕಿಂಗ್ ಆದರೆ 78ಕ್ಕೆ 72. ಹಳೇ ಮಂಚಕ್ಕೆ ಹೇಳಿ ಮಾಡಿಸಬೇಕು. ನಾಲ್ಕು ಕಂಬದ ಮಂಚ ಬಿಚ್ಚಿದರೂ ಅದರ ತಲೆಹಲಗೆ ಲಿಫ್ಟಿನೊಳಗೆ ನಿಲ್ಲದೆ ಹೋಗಬಹುದು. ಮೊದಲು ಮೆಟ್ಟಿಲ ತಿರುವು ಅಳೆಯಿರಿ. ವಿದೇಶದಲ್ಲಿರುವವರಿಗೆ ಇನ್ನೊಂದು ಮಾತು. ಬೀಟೆಯ ಜಾತಿಯ ಬಹುತೇಕ ಎಲ್ಲ ಮರಗಳೂ 2017ರ ಜನವರಿಯಿಂದ ಸೈಟಿಸ್ (ಅಳಿವಿನ ಭೀತಿಯ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ ಒಪ್ಪಂದ) ಪಟ್ಟಿಯ ಎರಡನೇ ಅನುಬಂಧದಲ್ಲಿವೆ. ಅಜ್ಜಿಯ ಬೀಟೆ ಪೆಟ್ಟಿಗೆಯನ್ನು ಹಡಗಿಗೆ ಹಾಕುವ ಮುಂಚೆ ಅನುಮತಿ ಪತ್ರದ ವಿಚಾರ ಮುಗಿಸಿಕೊಳ್ಳಿ.

ಆಚಾರಿಯ ಕೈಯಲ್ಲಿ ಹೊಸದು

ಸ್ವಂತ ಮನೆ, ಹತ್ತು ವರ್ಷಕ್ಕೂ ಹೆಚ್ಚು ಅಲ್ಲೇ ಬಾಳುವ ಯೋಚನೆ, ಜೊತೆಗೆ ಮೂರು ತಿಂಗಳ ತಾಳ್ಮೆ ಇದ್ದರೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ನಿಮ್ಮ ಮಂಡಿಯ ಎತ್ತರಕ್ಕೆ ಕುರ್ಚಿ, ನಿಮ್ಮ ಗೋಡೆಯ ಅಗಲಕ್ಕೆ ಕಪಾಟು ಬೇರೆಲ್ಲೂ ಸಿಗದು.

ಮರದ ಆಯ್ಕೆಯಲ್ಲಿ ಸಾಗುವಾನಿಯೊಂದನ್ನೇ ಹಿಡಿದು ಕೂರಬೇಡಿ. ಈಗ ಡಿಪೊಗಳಲ್ಲಿ ಊರಿನ ಸಾಗುವಾನಿಯ ಜೊತೆ ಆಫ್ರಿಕಾದಿಂದ ಬಂದದ್ದೂ ಇರುತ್ತದೆ. ಯಾವುದೆಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹಲಸು ಸಾಗುವಾನಿಗಿಂತ ಅಗ್ಗ, ಹಳದಿಯಾಗಿ ಮನೆಗೆ ಬಂದು ವರ್ಷ ಕಳೆದಂತೆ ಜೇನುಕಂದಾಗುತ್ತದೆ. ವೀಣೆ ಮಾಡುವ ಮರ ಅದು, ಅದರ ಮೈಬಣ್ಣಕ್ಕೆ ನಾನು ಸೋತಿದ್ದೇನೆ. ಕಾಫಿ ತೋಟಗಳ ಸಿಲ್ವರ್ ಓಕ್ ಹಗುರ, ಹಾಗೆಯೇ ಗೆದ್ದಲಿಗೂ ಸುಲಭದ ತುತ್ತು, ಒಳಗಿನ ಅರೆಗಳಿಗೆ ಸಾಕು. ಮಲೆನಾಡಿನ ತುಂಬ ನೆಟ್ಟಿರುವ ಅಕೇಶಿಯಾ ಗಟ್ಟಿ, ಅಗ್ಗ. ಅದರ ವಿಷಯದಲ್ಲಿ ನಾನೇ ಪಾಠ ಕಲಿತೆ. ಎಂಟು ಜನ ಕೂರುವ ಊಟದ ಮೇಜಿಗೆ ಆಗಷ್ಟೇ ಕೊಯ್ದ ಹಲಗೆ ಬಳಸಿಬಿಟ್ಟರು. ಮೊದಲ ಬೇಸಿಗೆಯಲ್ಲೇ ನಡು ಸೀಳಿ, ಹತ್ತು ರೂಪಾಯಿ ನಾಣ್ಯ ನಿಲ್ಲುವಷ್ಟು ಬಿರುಕು. ಮರ ಕೆಟ್ಟದ್ದಲ್ಲ, ಒಣಗಿರಲಿಲ್ಲ. ತೇವದ ಅಂಶ ಶೇಕಡಾ 12ರ ಒಳಗೆ ಬಂದ ಮೇಲಷ್ಟೇ ಉಳಿ ತಾಗಿಸಬೇಕು. ಅದನ್ನು ಅಳೆಯುವ ಸಣ್ಣ ಮೀಟರು ಇದೆ; ಡಿಪೊದವರನ್ನು ಕೇಳಿ, ನಿಮ್ಮೆದುರೇ ಹಲಗೆಗೆ ಚುಚ್ಚಿ ತೋರಿಸಲಿ.

ಬಯಲುಸೀಮೆಯವರು ಆಚಾರಿಗೆ ಒಂದು ಮಾತು ಹೇಳಲೇಬೇಕು: ಬಾಗಿಲಿನ, ತಲೆಹಲಗೆಯ ಅಗಲ ಹಲಗೆಗಳನ್ನು ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಅಂಟು ಹಾಕದೆ ಕೂರಿಸಿ ಎಂದು. ಬಿಸಿಲಿಗೆ ಕುಗ್ಗಿದರೆ ಹಲಗೆ ಒಳಗೇ ಸರಿಯುತ್ತದೆ, ಸೀಳುವುದಿಲ್ಲ.

ಬೀರು, ಅಡುಗೆಮನೆಯ ಕಪಾಟುಗಳಿಗೆ ಗಟ್ಟಿಮರ ಬೇಕಿಲ್ಲ, ಪ್ಲೈವುಡ್ ಸಾಕು. ಹಾಳೆಯ ಮೇಲಿನ ಮುದ್ರೆ ಓದಿ. ಐಎಸ್ ಎಂದರೆ ಭಾರತೀಯ ಗುಣಮಟ್ಟದ ಗುರುತು; ಐಎಸ್ 303 ಅಂದರೆ ಸಾಮಾನ್ಯ ಬಳಕೆಯದ್ದು. ಅದರಲ್ಲೇ ಎಂಆರ್ ಒಣ ಕೋಣೆಗೆ, ಬಿಡಬ್ಲ್ಯುಆರ್ ಸ್ವಲ್ಪ ನೀರು ತಡೆಯುತ್ತದೆ. ಐಎಸ್ 710 ಮರೈನ್ ಪ್ಲೈ, ಸಿಂಕಿನ ಕೆಳಗೆ ಮತ್ತು ಕರಾವಳಿಯ ಮನೆಗಳಿಗೆ. ಇಡೀ ಮನೆಗೆ 710 ಹಾಕಿಸಿ ದುಡ್ಡು ಸುರಿಯಬೇಡಿ. ನೀರು ತಾಗುವ ಜಾಗಕ್ಕೆ ಅದು, ಉಳಿದದ್ದಕ್ಕೆ 303.

ರೆಡಿಮೇಡ್ ಬೋರ್ಡು

ಆನ್‌ಲೈನಿನಲ್ಲಿ ಡಬ್ಬಿಯೊಳಗೆ ಬರುವ, ನೀವೇ ಸ್ಕ್ರೂ ತಿರುಗಿಸಿ ಜೋಡಿಸುವ ಸಾಮಾನು. 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ಐಕಿಯಾ ತೆರೆದ ಮೇಲೆ ಬೆಂಗಳೂರಿನವರಿಗೆ ಈ ಬಗೆಯದ್ದನ್ನು ಮುಟ್ಟಿ, ಕೂತು ನೋಡಿ ಕೊಳ್ಳುವುದು ಸಲೀಸಾಯಿತು. ನೋಟ ಹಗುರ, ಗೆರೆ ನೇರ, ಸಣ್ಣ ಮನೆಗೆ ಒಪ್ಪುತ್ತದೆ. ವಾರದೊಳಗೆ ಮನೆ ತುಂಬುತ್ತದೆ.

ಆದರೆ ಒಳಗಿರುವುದು ಏನೆಂದು ಕೇಳಿ. ಮರದ ಚೂರನ್ನು ಅಂಟಿನಲ್ಲಿ ಒತ್ತಿದ ಪಾರ್ಟಿಕಲ್ ಬೋರ್ಡು ಎಲ್ಲಕ್ಕಿಂತ ಅಗ್ಗ, ನೀರಿಗೆ ಎಲ್ಲಕ್ಕಿಂತ ಸೋಲುವುದೂ ಅದೇ. ಮರದ ನಾರನ್ನು ಅಂಟಿನಲ್ಲಿ ಒತ್ತಿದ ಎಂಡಿಎಫ್ ನಯ, ಆದರೂ ನೀರು ಅದಕ್ಕೂ ಶತ್ರು. ಹಿಂದೆ ಬಾಡಿಗೆ ಮನೆಯಲ್ಲಿ ನಾನಿಟ್ಟಿದ್ದ ಬೋರ್ಡಿನ ಬೀರುವಿಗೆ ಎರಡು ವರ್ಷ ನೆಲ ಒರೆಸುವ ಬಟ್ಟೆ ತಾಗಿ ತಾಗಿ, ಕೆಳಗಿನ ಅಂಚಿನ ಪಟ್ಟಿ ಎದ್ದು, ಒಳಗಿನದು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತು. ಬೆರಳಲ್ಲಿ ಒತ್ತಿದರೆ ಉದುರುತ್ತಿತ್ತು. ಹಾಗಾಗಿ ಬೋರ್ಡಿನದು ಕೊಳ್ಳುವುದಾದರೆ ಸ್ಟೀಲ್ ಅಥವಾ ಪ್ಲಾಸ್ಟಿಕ್ ಕಾಲಿನ ಮೇಲೆ ನಿಲ್ಲುವುದನ್ನೇ ಕೊಳ್ಳಿ. ಅಂಚಿನ ಪಟ್ಟಿ ನಾಲ್ಕೂ ಕಡೆ ಇದೆಯೇ, ಹಿಂಬದಿಗೂ ಇದೆಯೇ ನೋಡಿ. ಕಣ್ಣು ಉರಿಯುವ ವಾಸನೆ ಬಂದರೆ ಅದು ಅಂಟಿನದು. ಇ1 (ಅಂಟಿನ ಆವಿ ಕಡಿಮೆ ಬಿಡುವ ದರ್ಜೆ) ಅಥವಾ ಅದಕ್ಕಿಂತ ಉತ್ತಮ ದರ್ಜೆ ಎಂದು ಬರೆದದ್ದನ್ನು ಆರಿಸಿ, ಮಕ್ಕಳ ಕೋಣೆಯಿದ್ದರಂತೂ ಖಂಡಿತ.

ಬಾಡಿಗೆ ಮನೆಯವರು "ಬಿಚ್ಚಿ ಒಯ್ಯಬಹುದಲ್ಲ" ಎಂದು ಇದನ್ನು ಕೊಳ್ಳುತ್ತಾರೆ. ವಾಸ್ತವ ಹಾಗಿಲ್ಲ. ಬೋರ್ಡಿನಲ್ಲಿ ಒಮ್ಮೆ ಕೂತ ಸ್ಕ್ರೂ ಬಿಚ್ಚಿ ಮತ್ತೆ ಹಾಕಿದಾಗ ಹಿಡಿತ ಸಡಿಲ. ಒಂದು ಸಲದ ಮನೆ ಬದಲಾವಣೆ ತಡೆಯುತ್ತದೆ, ಎರಡನೆಯದಕ್ಕೆ ಬೀರು ಓಲಾಡುತ್ತದೆ. ಪದೇ ಪದೇ ಮನೆ ಬದಲಿಸುವವರಿಗೆ ಬೇಕಾದ್ದು ಬೋಲ್ಟ್-ನಟ್ಟಿನ ಕೂಡಿಕೆಯಿರುವ ಮರದ ಇಲ್ಲವೇ ಕಬ್ಬಿಣದ ಮಂಚ. ಅದನ್ನು ಎಷ್ಟು ಸಲ ಬಿಚ್ಚಿದರೂ ಅಷ್ಟೇ ಬಿಗಿಯಾಗಿ ಕೂರುತ್ತದೆ.

ಬೆತ್ತ, ಕಬ್ಬಿಣ

ಬೆತ್ತ-ಬಿದಿರಿನದು ಹಗುರ, ಬಾಲ್ಕನಿಗೂ ಪಡಸಾಲೆಗೂ ಚೆಂದ, ಒಬ್ಬರೇ ಎತ್ತಿ ಜಾಗ ಬದಲಿಸಬಹುದು. ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ ಗಾಳಿಗಿಡಬೇಕು. ಹೆಣಿಗೆ ಜೋತರೆ ಮತ್ತೆ ಹೆಣೆಯುವವರು ನಿಮ್ಮೂರಲ್ಲಿ ಇದ್ದಾರೆಯೇ ಎಂದು ಕೊಳ್ಳುವ ಮುಂಚೆಯೇ ವಿಚಾರಿಸಿ.

ಕಬ್ಬಿಣದ ಬೀರು ಗೆದ್ದಲಿಗೆ ಅಂಜದು, ಮನೆ ಬದಲಾವಣೆಗೂ ಅಂಜದು. ಕಡಲತೀರದಲ್ಲಿ ಬಣ್ಣ ಕಿತ್ತ ಕಡೆ ತುಕ್ಕು ಶುರುವಾಗುತ್ತದೆ, ಅಲ್ಲಿ ಮಾತ್ರ ಎಚ್ಚರ.

ಮೆತ್ತೆ ಮತ್ತು ಹಾಸಿಗೆ

ಇಲ್ಲಿ ಉಳಿತಾಯ ಮಾಡಬೇಡಿ. ಸೋಫಾದ ಬಟ್ಟೆಯ ಬಣ್ಣ ನೋಡಿ ಕೊಂಡವರು ವರ್ಷ ಕಳೆಯುವುದರೊಳಗೆ ಕುಳಿಯಲ್ಲಿ ಕೂತಿರುತ್ತಾರೆ. ಫೋಮಿನ ಡೆನ್ಸಿಟಿ (ಒಂದು ಘನ ಮೀಟರಿಗೆ ಎಷ್ಟು ಕಿಲೊ) ಕೇಳಿ: ದಿನಬಳಕೆಯ ಆಸನಕ್ಕೆ 32 ಕನಿಷ್ಠ, ಭಾರದವರಿದ್ದರೆ 40. ಬೆನ್ನಿಗೆ ಅದಕ್ಕಿಂತ ಮೆದು ಸಾಕು. ಬಟ್ಟೆಯ ಕವರಿಗೆ ಜಿಪ್ ಇರಲೇಬೇಕು, ನಮ್ಮ ಧೂಳಿಗೆ ತಿಂಗಳಿಗೊಮ್ಮೆ ತೊಳೆಯದೆ ಆಗದು.

ಗೋಡೆ, ನೆಲ, ಬೆಳಕು

ಅಲಂಕಾರಕ್ಕೆಂದು ತೆಗೆದಿಟ್ಟ ಹಣದಲ್ಲಿ ಮೊದಲು ಬಲ್ಬು ಬದಲಿಸಿ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು 6500 ಕೆಲ್ವಿನ್ನಿನ ಬಿಳಿನೀಲಿ ಬೆಳಕು. ಅದರ ಕೆಳಗೆ ಬೀಟೆ ಕರಿಯಾಗಿ, ಸಾಗುವಾನಿ ಮಂಕಾಗಿ ಕಾಣುತ್ತದೆ. ಓದುವ, ಅಡುಗೆ ಮಾಡುವ ಜಾಗಕ್ಕೆ ಅದೇ ಇರಲಿ. ಕೂರುವ ಜಾಗಕ್ಕೆ 2700ರಿಂದ 3000 ಕೆಲ್ವಿನ್ನಿನ ಬೆಳಕು ಹಾಕಿ. ಅದೇ ಮರ ಬೆಚ್ಚಗೆ ಎದ್ದು ಕಾಣುತ್ತದೆ.

ಆಮೇಲೆ ನೆಲ. ರೆಡ್ ಆಕ್ಸೈಡ್ ನೆಲದ ಮನೆಯಾಗಿದ್ದರೆ ನೆಲವೇ ನಿಮ್ಮ ಅಲಂಕಾರ, ಅದರ ಮೇಲೆ ಹಲಸಿನ ಹಳದಿ ಒಪ್ಪುವಷ್ಟು ಬೇರೇನೂ ಒಪ್ಪದು. ಬಿಳಿ ಟೈಲ್ಸಿನ ಫ್ಲ್ಯಾಟಿಗೆ ಬಣ್ಣ ಬೇಕೆಂದರೆ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ ನೋಡಿ. ಹೆಂಗಸರೇ ಮಗ್ಗದಲ್ಲಿ ನೇಯುವ ಅದರಲ್ಲಿ ಪಗಡೆಯ ಹಾಸು, ನವಿಲುಗಳು ಗಾಢ ಬಣ್ಣದಲ್ಲಿ ಮೂಡುತ್ತವೆ. ಒಂದು ಜಮಖಾನ ಹಾಸಿದರೆ ಹಾಲಿನಲ್ಲಿ ಬೇರೆ ಬಣ್ಣವೇ ಬೇಡ. ಮೆತ್ತೆಯ ಕವರಿಗೆ ಗುಳೇದಗುಡ್ಡ ಖಣ ಸೊಗಸು. ಪನ್ನ ಕಿರಿದಾದ್ದರಿಂದ ಎಷ್ಟು ತುಂಡು ಬೇಕೆಂದು ದರ್ಜಿಯನ್ನು ಕೇಳಿಯೇ ತನ್ನಿ.

ಗೋಡೆಗೆ ಸಾಗರ ಕಡೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ: ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ನೇರ ಗೆರೆಗಳ ಆ ಲೆಕ್ಕಾಚಾರ ತಿಳಿಮರದ ಹೊಸ ಸಾಮಾನಿನ ಪಕ್ಕದಲ್ಲೂ ಒಂಚೂರೂ ಅಪರಿಚಿತ ಅನ್ನಿಸದು. ಬಿದರಿ ಹೂದಾನಿ ತಂದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಬೀದರ್ ಕೋಟೆಯ ಮಣ್ಣಿನಿಂದ ಬಂದ ಕಪ್ಪು ಅದು, ಅದರಲ್ಲೇ ಬೆಳ್ಳಿಯ ಹೊಳಪಿರುವುದು. ಒಣಬಟ್ಟೆಗೆ ಒಂದು ಹನಿ ಎಣ್ಣೆ ಸಾಕು. ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಗಳನ್ನು ನೇರ ಬಿಸಿಲಿನ ಕಿಟಕಿಯಲ್ಲಿ ಇಡಬೇಡಿ. ಇವುಗಳಲ್ಲಿ ಹಲವು ಸರ್ಕಾರದ ಕಾವೇರಿ ಮಳಿಗೆಗಳಲ್ಲಿ ಒಂದೇ ಕಡೆ ನೋಡಸಿಗುತ್ತವೆ. ಒಂದು ಗೋಡೆಗೆ ಒಂದನ್ನೇ ಆರಿಸಿ. ಎಲ್ಲವನ್ನೂ ಒಟ್ಟಿಗಿಟ್ಟರೆ ಅದೇ ಒಂದು ಮಳಿಗೆಯಾಗುತ್ತದೆ.

ಯಾರಿಗೆ ಯಾವುದು

ಕರಾವಳಿಯಲ್ಲಿ ಸ್ವಂತ ಮನೆಯಿದ್ದರೆ ಹಳೇ ಮರ ಇಲ್ಲವೇ ಒಣಗಿದ ಹಲಸಿನ ಕೆಲಸ, ಕಪಾಟಿಗೆ ಮರೈನ್ ಪ್ಲೈ, ಗೋಡೆಯಿಂದ ಮೂರಿಂಚು ದೂರ. ಬೋರ್ಡು ಬೇಡವೇ ಬೇಡ. ಅಪ್ಪ-ಅಮ್ಮ ಜೊತೆಗಿದ್ದರೆ, ಉಳಿದದ್ದನ್ನೆಲ್ಲ ಅಗ್ಗದಲ್ಲಿ ಮುಗಿಸಿ, ಅವರ ಮಂಚ ಮತ್ತು ಕುರ್ಚಿಯನ್ನು ಮಾತ್ರ ಅವರ ಅಳತೆಗೆ ಆಚಾರಿಯ ಕೈಯಲ್ಲಿ ಮಾಡಿಸಿ. ಎರಡು ವರ್ಷದಲ್ಲಿ ಹೊರದೇಶಕ್ಕೆ ಹೋಗುವ ಯೋಚನೆ ಇರುವವರಿಗೆ ಬಾಡಿಗೆಗೆ ಸಿಗುವ ಸಾಮಾನೇ ಸರಿ, ಹಾಸಿಗೆ ಮಾತ್ರ ಸ್ವಂತದ್ದಿರಲಿ.

ಅಣ್ಣನ ಮಗಳ ಒಂದೂವರೆ ಲಕ್ಷವನ್ನು ನಾವು ಹೀಗೆ ಹಂಚಿದೆವು: ಒಳ್ಳೆಯ ಹಾಸಿಗೆಗೆ 30,000, ಬೋಲ್ಟಿನ ಮರದ ಮಂಚಕ್ಕೆ 25,000, ಕಬ್ಬಿಣದ ಬೀರುವಿಗೆ 25,000. ಸೋಫಾ ಕೈಬಿಟ್ಟು, 12 ಇಂಚು ಎತ್ತರ, 30 ಇಂಚು ಅಗಲದ ಎರಡು ದಿವಾನಕ್ಕೆ ಮೆತ್ತೆ ಸೇರಿ 30,000. ಮಡಚುವ ಊಟದ ಮೇಜು, ನಾಲ್ಕು ಕುರ್ಚಿಗೆ 20,000. ಪರದೆ, ಬೆಳಕು, ಜಮಖಾನಕ್ಕೆ ಉಳಿದ 20,000.

ದುಡ್ಡು ಕೊಡುವ ಮುಂಚೆ ಅವಳ ಕೈಯಲ್ಲಿ ಹಳೇ ಪತ್ರಿಕೆಗಳನ್ನು ದಿವಾನ, ಮೇಜಿನ ಅಳತೆಗೆ ಕತ್ತರಿಸಿ ನೆಲಕ್ಕೆ ಅಂಟಿಸಿಸಿದೆ. ಮೂರು ದಿನ ಅದರ ನಡುವೆ ಓಡಾಡಿದರು. ಎರಡನೇ ದಿನ ರಾತ್ರಿ ಫೋನು ಮಾಡಿದಳು: "ಅತ್ತೆ, ಬಾಲ್ಕನಿ ಬಾಗಿಲಿಗೆ ಹೋಗೋವಾಗ ಇಬ್ಬರೂ ಪೇಪರ್ ತುಳೀತಿದ್ದೀವಿ." ದಾರಿಗೆ ಎರಡೂವರೆ ಅಡಿ ಬೇಕು, ಅಲ್ಲಿ ಎರಡೇ ಉಳಿದಿತ್ತು. ಒಂದು ದಿವಾನವನ್ನು ಆರಿಂಚು ಗಿಡ್ಡ ಮಾಡಿಸಿದರು.

ಶಿರಸಿಯ ಮಂಚ ಸದ್ಯಕ್ಕೆ ಅಲ್ಲೇ ಇದೆ. ಕಾಲುಗಳಿಗೆ ಗೆದ್ದಲಿನ ಔಷಧಿ ಬಳಿಸಿ, ಜಗಲಿಗೆ ಹತ್ತಿರದ ಒಣ ಕೋಣೆಗೆ ಸಾಗಿಸಿದ್ದಾರೆ. ಅಲ್ಲಿಂದ ಬೆಂಗಳೂರಿಗೆ ಬಂದದ್ದು ಅಜ್ಜಿಯ ಎರಡು ಹಲಸಿನ ಮಣೆ. ರಾತ್ರಿ ಊಟಕ್ಕೆ ಇಬ್ಬರೂ ಅದರ ಮೇಲೇ ಕೂರುತ್ತಾರಂತೆ, ಮಡಚುವ ಮೇಜು ನೆಂಟರು ಬಂದಾಗ ಮಾತ್ರ ತೆರೆಯುತ್ತದೆ.